ತುಂಡಾಗದ ಕೇಬಲ್

ಅಂಕೋಲಾ
೫ ನವೆಂಬರ್ ೨೦೦೬

ಪ್ರೀತಿಯ ದಾದಾ,

ನಾನು ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಪಕ್ಕದ ಮನೆಗೆ ಮಾಡಿದರೆ ಆಯಿಯನ್ನು ಕರೆಯಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಿದ ಮೇಲೆ ಆಯಿಗೂ ಓದಿ ಹೇಳು.

ಅಪ್ಪನ ಕಾರ್ಯದ ದಿನ ನೀನು ಅಷ್ಟು ಜನರ ಎದುರು ಅಂದ ಮಾತು ಕಿವಿಯಿಂದ ಹೋಗುತ್ತಿಲ್ಲ. "ನಿನ್ನ ಕಂಪನಿ ಅಪ್ಪನ್ನ ತಿಂತು. ಇನ್ನು ಈ ಬದಿಗೆ ಬರೂದ್ ಬೇಡ." ಹಾಗೆ ಹೇಳುವ ಹಕ್ಕು ನಿನಗಿದೆಯೋ ಇಲ್ಲವೋ ಎಂದು ನಾನು ವಾದ ಮಾಡುವುದಿಲ್ಲ. ಚೌತಿಗೆ ಊರಿಗೆ ಬಂದಾಗ ಅಪ್ಪನ ಮೊಬೈಲಿಗೆ ನಮ್ಮ ಕಂಪನಿಯ ಸಿಮ್ ಹಾಕಿಕೊಟ್ಟವಳು ನಾನೇ. ನನ್ನ ಜೊತೆ ಎಷ್ಟು ಮಾತಾಡಿದರೂ ದುಡ್ಡು ಬೀಳುವುದಿಲ್ಲ ಎಂದು ಅಪ್ಪನಿಗೆ ಎಷ್ಟು ಖುಷಿಯಾಗಿತ್ತು. ದೋಣಿಯಿಂದ ಫೋನು ಮಾಡಿ, "ಚಂದು, ಕೇಳು" ಎಂದು ಇಂಜಿನ್ನಿನ ಸದ್ದು ಕೇಳಿಸುತ್ತಿದ್ದ.

ಆ ಮಧ್ಯಾಹ್ನ ಬಿರುಗಾಳಿ ಬರುತ್ತದೆಂದು ಸುದ್ದಿ ಬಂದಾಗ ಕೂರ್ಮಗಡ ದ್ವೀಪದ ಆಚೆ ಇದ್ದ, ಬೇರೆ ಕಂಪನಿಯ ಸಿಮ್ ಇದ್ದ ದೋಣಿಗಳಿಗೆಲ್ಲ ದಡದಿಂದ ಫೋನು ಹೋಯಿತು, ಅವರು ತಿರುಗಿದರು. ಅಪ್ಪನಿಗೆ ಹೋಗಲಿಲ್ಲ. ನೀನು ದಡದಲ್ಲಿ ನಿಂತು ಮತ್ತೆ ಮತ್ತೆ ಒತ್ತಿದೆಯೆಂದು ನನಗೆ ಗೊತ್ತು. ಕಾರವಾರಕ್ಕೆ ಹೋಗುವ ನಮ್ಮ ಲೈನು ಆಗ ಸತ್ತುಹೋಗಿತ್ತು. ಇಷ್ಟು ಮಾತ್ರ ಇವತ್ತು ಬರೆಯಬಲ್ಲೆ.

ಆಯಿ ಊಟ ಮಾಡುತ್ತಾಳೆಯೇ? ಅದೊಂದನ್ನಾದರೂ ತಿಳಿಸು.

ನಿನ್ನ ತಂಗಿ,
ಚಂದನಾ

*

ಸದಾಶಿವಗಡ
೧೨ ನವೆಂಬರ್ ೨೦೦೬

ಚಂದನಾ,

ಆಯಿ ಗಂಜಿ ಕುಡಿಯುತ್ತಾಳೆ. ಮೀನು ಮುಟ್ಟುವುದಿಲ್ಲ. ನಿನ್ನ ಪತ್ರ ಓದಿ ಹೇಳಲಿಲ್ಲ.

ಪೇಪರಿನಲ್ಲಿ ಬಂದದ್ದು ನೀನೂ ನೋಡಿರಬೇಕು. ಅವರ್ಸಾದ ಹತ್ತಿರ ನೀರಿನ ಪೈಪಿಗೆ ಗುಂಡಿ ತೋಡುವಾಗ ಒಬ್ಬ ಕೂಲಿಯವನು ನಿಮ್ಮ ಕೇಬಲ್ ತುಂಡು ಮಾಡಿದನಂತೆ. ಸುಕ್ರ ಎಂದು ಹೆಸರು. ನಿಮ್ಮ ಕಂಪನಿಯೇ ದೂರು ಕೊಟ್ಟಿದೆ. ಪೊಲೀಸರು ಹಿಡಿದರು, ಜಾಮೀನಿನ ಮೇಲೆ ಬಿಟ್ಟರು. ಅವನು ಮನೆಯಲ್ಲಿ ಕುಳಿತಿದ್ದಾನೆ. ನಮ್ಮ ಅಪ್ಪ ಎಲ್ಲಿದ್ದಾನೆ?

ದೇಹ ಮಾಜಾಳಿಯ ಕಡೆ ಸಿಕ್ಕಿದಾಗ ನೀನು ಇರಲಿಲ್ಲ. ನಾನು ಗುರುತು ಹೇಳಿದೆ. ಅದರ ಬಗ್ಗೆ ನಿನಗೆ ಬರೆಯುವುದಿಲ್ಲ.

ಬರುವ ವಾರ ಬೋಟಿನ ಹುಡುಗರನ್ನು ಕರೆದುಕೊಂಡು ನಾನು ಅವರ್ಸಾಕ್ಕೆ ಹೋಗುತ್ತೇನೆ. ಕೇಳುವುದನ್ನು ಅವನನ್ನೇ ಕೇಳುತ್ತೇನೆ. ನೀನು ಅಡ್ಡ ಬರಬೇಡ.

ರೋಷನ

*

ಅಂಕೋಲಾ
೧೬ ನವೆಂಬರ್ ೨೦೦೬

ದಾದಾ,

ಹೋಗಬೇಡ. ಈ ಪತ್ರ ನಿನ್ನ ಕೈಗೆ ಸಿಗುವ ಮೊದಲು ನೀನು ಹೊರಟರೆ ಏನು ಗತಿ? ಆ ಮನುಷ್ಯ ಕೇಬಲ್ ಕಡಿದಿಲ್ಲ. ಕೇಬಲ್ ತುಂಡಾಗಲೇ ಇಲ್ಲ.

ನನಗೆ ಹೇಗೆ ಗೊತ್ತು ಎಂದು ಕೇಳುತ್ತೀ. ಹೇಳುತ್ತೇನೆ, ಸಾವಧಾನವಾಗಿ ಓದು.

ನೆಲದೊಳಗಿನ ಆ ಕೇಬಲ್ಲಿನಲ್ಲಿ ಇರುವುದು ಗಾಜಿನ ಎಳೆಗಳು. ಕೂದಲಿನಂತಹ ಎಳೆ, ಅದರ ನಡುವೆ ಬೆಳಕು ಹೋಗುವ ದಾರಿ ಕೂದಲಿಗಿಂತಲೂ ಎಷ್ಟೋ ಸಪೂರ. ನಮ್ಮ ಮಾತೆಲ್ಲ ಬೆಳಕಾಗಿ ಅದರಲ್ಲಿ ಓಡುತ್ತದೆ. ಅಂಕೋಲೆಯ ನಮ್ಮ ಯಂತ್ರದ ಕೋಣೆಯಲ್ಲಿ ಆ ಎಳೆಯ ತುದಿಗೆ ಒಂದು ಕನೆಕ್ಟರ್ ಇರುತ್ತದೆ, ಅದನ್ನು ಯಂತ್ರದ ಬಾಯಿಗೆ ಸಿಕ್ಕಿಸುತ್ತೇವೆ. ಎರಡು ತುದಿ ಮುಖಕ್ಕೆ ಮುಖ ಒತ್ತಿ ಕೂರಬೇಕು. ನಡುವೆ ಧೂಳಿನ ಒಂದು ಕಣ ಇದ್ದರೆ, ಬೆರಳಿನ ಎಣ್ಣೆ ಹತ್ತಿದ್ದರೆ, ಬೆಳಕು ಚದುರುತ್ತದೆ, ಸ್ವಲ್ಪ ಹಿಂದಕ್ಕೂ ಹೊಡೆಯುತ್ತದೆ. ಬರಿಗಣ್ಣಿಗೆ ಏನೂ ಕಾಣಿಸುವುದಿಲ್ಲ. ಅದಕ್ಕೇ ಸಿಕ್ಕಿಸುವ ಮೊದಲು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಒರೆಸಬೇಕು, ಮತ್ತೆ ನೋಡಬೇಕು. ಎರಡೂ ಬದಿ. ನಮಗೆ ಕಲಿಸುವ ಮೊದಲ ಪಾಠವೇ ಇದು. ಎಲ್ಲರೂ ಮೊದಲು ಬಿಡುವುದೂ ಇದನ್ನೇ.

ಆ ವಾರ ನನಗೆ ಕುಮಟೆಯಲ್ಲಿ ಕೆಲಸ ಇತ್ತು. ಅಂಕೋಲೆಯ ಕೋಣೆಯಲ್ಲಿ ಯಂತ್ರವನ್ನು ಹೊಸ ಕಪಾಟಿಗೆ ಬದಲಿಸಿದ್ದರು. ಬದಲಿಸುವಾಗ ಯಾರೋ ಕಾರವಾರದ ಕನೆಕ್ಟರನ್ನು ನೋಡದೆ ಸಿಕ್ಕಿಸಿದ್ದರು. ಲೈನು ಕುಂಟುತ್ತಾ ನಡೆಯುತ್ತಿತ್ತು. ಬಿರುಗಾಳಿಯ ದಿನ ಕರೆಂಟು ಹೋಗಿ, ಕೋಣೆಯ ಏಸಿ ನಿಂತು, ಸಮುದ್ರದ ತೇವ ಒಳಗೆ ಬಂದಾಗ ಪೂರ್ತಿ ನಿಂತಿತು. ನನ್ನನ್ನು ಕುಮಟೆಯಿಂದ ಕರೆಸಿದರು. ನಾನು ಬಂದು ಲೇಸರ್ ಆರಿಸಿ, ಕನೆಕ್ಟರ್ ಬಿಡಿಸಿ ನೋಡಿದೆ. ಬಿಳಿ ತುದಿಯ ನಟ್ಟನಡುವೆ ಕಪ್ಪು ಕಲೆ, ಸುತ್ತ ಎಣ್ಣೆಯ ಪಸೆ, ಬಟ್ಟೆಯ ಒಂದು ನೂಲು. ಒರೆಸಿದೆ. ಮತ್ತೆ ನೋಡಿದೆ, ಮತ್ತೆ ಒರೆಸಿದೆ. ಸಿಕ್ಕಿಸಿದ ತಕ್ಷಣ ಕೆಂಪು ದೀಪ ಹಸಿರಾಯಿತು.

ನನ್ನ ಮೊಬೈಲ್ ಹೊಡೆದುಕೊಂಡಿತು. ನೀನು. "ಚಂದು, ಅಪ್ಪಂದು ದೋಣಿ ಬರ್ಲಿಲ್ಲ."

ಆ ಲೈನು ಸರಿಯಾಗಿ ಮೊದಲು ಬಂದ ಮಾತು ಅದೇ, ದಾದಾ.

ನಾನು ಒರೆಸಿದಾಗಲೇ ಸಾಕ್ಷಿಯೂ ಹೋಯಿತು. ಈಗ ಆ ಕನೆಕ್ಟರ್ ತೆಗೆದು ನೋಡಿದರೆ ಕನ್ನಡಿಯ ಹಾಗಿದೆ. ನಾನು ಕಂಡೆ ಎನ್ನುವುದು ಬಿಟ್ಟರೆ ಬೇರೆ ಏನೂ ಇಲ್ಲ.

ಸುಕ್ರನ ಮನೆಗೆ ಹೋಗಬೇಡ. ನಿನ್ನ ಕಾಲು ಹಿಡಿಯುತ್ತೇನೆ.

ಚಂದನಾ

*

ಹಬ್ಬುವಾಡ, ಕಾರವಾರ
೨೭ ನವೆಂಬರ್ ೨೦೦೬

ಚಂದನಾ,

ಆಫೀಸಿನಲ್ಲಿ ನೀನು ನನ್ನನ್ನು ನೋಡಿ ಬೇರೆ ಕಡೆ ತಿರುಗುತ್ತೀ. ಇದು ನಾನು ನಿನಗೆ ಬರೆಯುತ್ತಿರುವ ಮೊದಲ ಪತ್ರ. ಮದುವೆ ನಿಶ್ಚಯವಾದವರು ಬರೆಯುವಂಥ ಪತ್ರ ಬರೆಯಬೇಕೆಂದು ಒಂದು ಕಾಲದಲ್ಲಿ ಅಂದುಕೊಂಡಿದ್ದೆ.

ಹೌದು, ಆ ಕನೆಕ್ಟರ್ ಸಿಕ್ಕಿಸಿದ್ದು ನಾನೇ. ಒರೆಸುವ ಬಟ್ಟೆ ಮುಗಿದಿತ್ತು. ಮ್ಯಾನೇಜರು ಬೇಗ ಬೇಗ ಎಂದು ಫೋನಿನಲ್ಲೇ ನಿಂತಿದ್ದರು. ಅಂಗಿಯ ತುದಿಯಿಂದ ಒರೆಸಿ ಹಾಕಿದೆ. ಎಷ್ಟು ಸಲ ಹಾಗೆ ಹಾಕಿಲ್ಲ? ಏನೂ ಆಗಿರಲಿಲ್ಲ. ಇದೂ ನಡೆಯಿತು. ಲೈನು ನಡುನಡುವೆ ತಪ್ಪುತ್ತಿದೆ ಎಂದು ಗೊತ್ತಾಗಿತ್ತು. ನೀನು ಕುಮಟೆಯಿಂದ ಬಂದಮೇಲೆ ಇಬ್ಬರೂ ಕೂತು ನೋಡೋಣ ಎಂದುಕೊಂಡಿದ್ದೆ.

ಸುಕ್ರನ ಹೆಸರು ನಾನು ಹೇಳಲಿಲ್ಲ. ಇದನ್ನು ನೀನು ನಂಬಬೇಕು. "ಆ ಬದಿಗೆ ಯಾರಾದ್ರೂ ಅಗೀತಿದ್ರಾ?" ಎಂದು ಮ್ಯಾನೇಜರು ಕೇಳಿದರು. ಅವರ್ಸಾದಲ್ಲಿ ಪೈಪಿನ ಕೆಲಸ ನಡೆದಿದೆ ಎಂದೆ. ಅದು ಸುಳ್ಳಲ್ಲ. ಹೊರಗಿನವರು ಕಡಿದರೆ ಅದು ಕಂಪನಿಯ ತಪ್ಪಲ್ಲ. ಅವರಿಗೆ ಬೇಕಾದದ್ದು ಅಷ್ಟೇ. ಮುಂದಿನದೆಲ್ಲ ನನ್ನ ಕೈಯಲ್ಲಿ ಇರಲಿಲ್ಲ.

ನೀನು ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ. ಅದಿರಲಿ. ಆದರೆ ನಿನ್ನ ಅಣ್ಣನಿಗೆ ತಿಳಿದರೆ? ನಿನ್ನ ಆಯಿಗೆ? ನಮ್ಮ ಆಯಿ ನಿನಗಾಗಿ ಸೀರೆ ತಂದು ಇಟ್ಟಿದ್ದಾಳೆ, ದಿನಾ ಬಿಚ್ಚಿ ನೋಡುತ್ತಾಳೆ. ಬೇರೆ ಜಾತಿಯವಳೆಂದು ಮೊದಲು ಅತ್ತವಳು ಅವಳೇ. ಅವಳ ಎದುರು ನಾನು ಏನೆಂದು ನಿಲ್ಲಲಿ?

ನಿನ್ನ ಅಪ್ಪ ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿದ್ದರು. ನನಗೆ ವಾಂತಿಯಾದಾಗ ಬೆನ್ನು ಸವರಿದರು. ನಾನು ಮಲಗುವುದು ಬಿಟ್ಟಿದ್ದೇನೆ.

ಯೋಚನೆ ಮಾಡು. ಅವಸರ ಬೇಡ.

ನಿನ್ನ,
ಗುರುಪ್ರಸಾದ

*

ಅಂಕೋಲಾ
೧ ಡಿಸೆಂಬರ್ ೨೦೦೬

ಗುರು,

ಯೋಚನೆ ಮಾಡಿದೆ.

ಸುಕ್ರನ ಹೆಸರು ನೀನು ಹೇಳಲಿಲ್ಲ ಎಂಬುದನ್ನು ನಂಬುತ್ತೇನೆ. ಅಲ್ಲ ಎಂದೂ ಹೇಳಲಿಲ್ಲವಲ್ಲ. ಅವನ ಪಿಕಾಸು, ಸಲಿಕೆ ಈಗಲೂ ಪೊಲೀಸ್ ಠಾಣೆಯಲ್ಲಿವೆ. ಅವನನ್ನು ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. ಅವನ ಹೆಂಡತಿ ನಾಗಿ ಸಂತೆಗೆ ತರಕಾರಿ ತಂದರೆ ಮೀನಿನ ಹೆಂಗಸರು ಅವಳನ್ನು ಪಕ್ಕದಲ್ಲಿ ಕೂರಲು ಬಿಡುವುದಿಲ್ಲ. ನಾನೇ ಕಣ್ಣಾರೆ ಕಂಡೆ. ಅವರೆಲ್ಲ ನಮ್ಮವರೇ. ಅಪ್ಪನ ಮೇಲಿನ ಅಭಿಮಾನಕ್ಕೆ ಹಾಗೆ ಮಾಡುತ್ತಿದ್ದಾರೆ.

ನೀನೇ ಹೋಗಿ ಹೇಳು. ತಿಂಗಳ ನಡುವಿನವರೆಗೆ ಕಾಯುತ್ತೇನೆ. ಆಮೇಲೆ ನಾನು ಹೇಳುತ್ತೇನೆ.

ಮದುವೆಯ ವಿಷಯ ನೀನು ಕೇಳಲಿಲ್ಲ, ನಾನೂ ಬರೆಯುವುದಿಲ್ಲ.

ಚಂದನಾ

*

ಸದಾಶಿವಗಡ
೧೦ ಡಿಸೆಂಬರ್ ೨೦೦೬

ಚಂದನಾ,

ನಾನು ಅವರ್ಸಾಕ್ಕೆ ಹೋಗಿದ್ದೆ. ನಿನ್ನ ಪತ್ರ ಬಂದ ಮೇಲೇ ಹೋದೆ. ಹುಡುಗರನ್ನು ಕರೆದುಕೊಂಡು ಹೋಗಲಿಲ್ಲ, ಒಬ್ಬನೇ.

ಅವನ ಮನೆ ಹೆದ್ದಾರಿಯಿಂದ ಒಳಗೆ, ಗುಡ್ಡದ ಬುಡದಲ್ಲಿ. ನನ್ನನ್ನು ಕಂಡು ಅವನಿಗೆ ಯಾರೆಂದು ಗೊತ್ತಾಯಿತು, ಹೇಗೆಂದು ತಿಳಿಯದು. ಓಡಲಿಲ್ಲ. ಅಂಗಳದಲ್ಲಿ ಕೂತುಬಿಟ್ಟ. ನಾಗಿ ಅವನ ಎದುರಿಗೆ ಬಂದು ನಿಂತಳು. "ಹೊಡೂದಾದ್ರೆ ನಂಗೆ ಹೊಡಿ, ಅವ್ನ ಮೈಯಲ್ಲಿ ಇನ್ನು ಜಾಗ ಇಲ್ಲ" ಅಂದಳು. ಠಾಣೆಯಲ್ಲಿ ಹೊಡೆದಿದ್ದಾರೆ. ಎಡಗೈ ಎತ್ತಲು ಬರುವುದಿಲ್ಲ ಅವನಿಗೆ.

ನಾನು ಏನೂ ಮಾಡಲಿಲ್ಲ. ಕಡಿದದ್ದು ಹೌದಾ ಎಂದು ಕೇಳಿದೆ. "ನಾ ಪೈಪಿನ ಗುಂಡಿ ತೋಡದ್ದು ಹೌದು. ಕೇಬಲ್ ಕಂಡೂ ಇಲ್ಲ ಒಡೆಯಾ. ಅವ್ರು ಕಡ್ದೆ ಕಡ್ದೆ ಅಂತ್ರು. ಈಗ ನಂಗೇ ಕಡ್ದೆ ಏನ ಅನ್ಸ್ತದೆ" ಅಂದ.

ಬಸ್ಸು ಸಿಗುವವರೆಗೆ ಹೆದ್ದಾರಿಯಲ್ಲಿ ನಿಂತಿದ್ದೆ. ನಿನ್ನ ಪತ್ರ ಕಿಸೆಯಲ್ಲಿತ್ತು, ತೆಗೆದು ಮತ್ತೆ ಓದಿದೆ. ಅದರಲ್ಲಿ 'ಯಾರೋ' ಎಂದು ಬರೆದಿದ್ದೀ. ಯಂತ್ರದ ಕೋಣೆಯಲ್ಲಿ ಕೆಲಸ ಮಾಡುವವರು ನೀವು ಎಷ್ಟು ಜನ? ನೀನು ಕುಮಟೆಯಲ್ಲಿದ್ದೆ. ಮತ್ತೆ ಯಾರು?

ಹೆಸರು ಬರೆ. ನನಗೆ ಗೊತ್ತಾಗಿದೆ, ಆದರೂ ನೀನೇ ಬರೆ.

ರೋಷನ

*

ಕುಮಟಾ
೧೯ ಡಿಸೆಂಬರ್ ೨೦೦೬

ದಾದಾ,

ಗುರುಪ್ರಸಾದ.

ಬರೆದೆ. ಇನ್ನು ನೀನು ಅವನನ್ನು ಏನು ಮಾಡುತ್ತೀಯೋ ನನಗೆ ಗೊತ್ತಿಲ್ಲ. ಹೆದ್ದಾರಿಯಲ್ಲಿ ನಿಂತು ಪತ್ರ ಓದಿದವನ ಮೇಲೆ ನಂಬಿಕೆಯಿಟ್ಟು ಬರೆದಿದ್ದೇನೆ.

ಅವನು ಬಾಯಿ ಬಿಡಲಿಲ್ಲ, ನಾನೇ ಹೋದೆ. ಮೊದಲು ಮ್ಯಾನೇಜರ ಹತ್ತಿರ. ಅವರು ಕುರ್ಚಿ ಕೊಟ್ಟು ಕೂರಿಸಿ, ಅಪ್ಪ ತೀರಿಕೊಂಡ ದುಃಖದಲ್ಲಿ ಹೀಗೆಲ್ಲ ಅನಿಸುವುದು ಸಹಜ ಎಂದರು. ರಜೆ ಬೇಕೇ ಎಂದು ಕೇಳಿದರು. ಠಾಣೆಗೂ ಹೋದೆ. ಕೇಬಲ್ ಕಡಿದಿದ್ದರೆ ಮತ್ತೆ ಜೋಡಿಸಿರಬೇಕು, ಜೋಡಿಸಿದ ಕಡೆ ತೋಳಿನ ಗಾತ್ರದ ಡಬ್ಬಿ ಇರುತ್ತದೆ, ಅಗೆದು ನೋಡಿ ಎಂದೆ. "ಅಗೂಕೆ ಪರವಾನಗಿ ಯಾರ್ ಕೊಡ್ತ್ರು? ನಿಮ್ಮ ಕಂಪನಿ ಕೊಡ್ತದ್ಯಾ?" ಎಂದು ನಕ್ಕರು. ಮರುದಿನ ನನ್ನನ್ನು ಕುಮಟೆಗೆ ವರ್ಗ ಮಾಡಿದ ಆದೇಶ ಬಂತು. ವಿಳಾಸ ಮೇಲಿದೆ.

ಇಲ್ಲಿ ದಿನವಿಡೀ ಕನೆಕ್ಟರ್ ನೋಡುತ್ತೇನೆ. ಒಂದೊಂದನ್ನೂ ಬಿಡಿಸಿ, ನೋಡಿ, ಒರೆಸಿ, ಮತ್ತೆ ನೋಡಿ ಹಾಕುತ್ತೇನೆ. ಜೊತೆಯವರು ನಗುತ್ತಾರೆ. ನಗಲಿ.

ಒಂದು ಮಾತು ಯಾರಿಗೂ ಹೇಳಿಲ್ಲ. ಫೋನು ಹೋಗಿದ್ದರೆ ಅಪ್ಪ ತಿರುಗುತ್ತಿದ್ದನೇ? ಬಲೆ ಬಿಟ್ಟಮೇಲೆ ಅವನು ಯಾರ ಮಾತು ಕೇಳುತ್ತಿದ್ದ? ರಾತ್ರಿ ಒಮ್ಮೆ ತಿರುಗುತ್ತಿದ್ದ ಅನಿಸುತ್ತದೆ, ಒಮ್ಮೆ ಇಲ್ಲ ಅನಿಸುತ್ತದೆ. ಯಾವುದೂ ಸಮಾಧಾನ ಕೊಡುವುದಿಲ್ಲ.

ಚಂದನಾ

*

ಸದಾಶಿವಗಡ
೨೧ ಜನವರಿ ೨೦೦೭

ಚಂದು,

ಸಂಕ್ರಾಂತಿಗೆ ಆಯಿ ಏನೂ ಮಾಡಲಿಲ್ಲ. ನಿನ್ನ ಪತ್ರಗಳನ್ನೆಲ್ಲ ಅವಳಿಗೆ ಓದಿ ಹೇಳಿದೆ. ಹೆಸರು ಬಂದಾಗ ನಿಲ್ಲಿಸಿದೆ. "ಮುಂದೆ ಓದು" ಅಂದಳು. ಓದಿದೆ.

ಕೇಬಲ್ ತೋಡಿ ನೋಡಿದೆವು.

ಪರವಾನಗಿ ಕೇಳಲಿಲ್ಲ. ಪಂಚಾಯತಿಯ ಸದಸ್ಯರೊಬ್ಬರನ್ನು ಕರೆದೆ, ನಮ್ಮ ಬೋಟಿನವರು ಬಂದರು, ಸುಕ್ರನ ಕೇರಿಯವರೂ ಬಂದರು. ಬೆಳಿಗ್ಗೆ ಹೆದ್ದಾರಿಯ ಬದಿಯಲ್ಲಿ ಎರಡೂ ಕಡೆಯವರು ದೂರ ದೂರ ನಿಂತಿದ್ದೆವು. ಸುಕ್ರನನ್ನು ಜಾಗ ತೋರಿಸು ಅಂದೆ. ತೋರಿಸಿದ, ಆದರೆ ಮಣ್ಣು ಮುಟ್ಟಲಿಲ್ಲ. "ಮುಟ್ಟಿದ್ರೆ ಇನ್ನೊಂದ್ ಕೇಸ್ ಹಾಕ್ತ್ರು" ಅಂದ. ಹಾಗಾಗಿ ನಾನೇ ಶುರು ಮಾಡಿದೆ. ನೀನು ಗಾಜು ಎಂದು ಬರೆದಿದ್ದೆಯಲ್ಲ, ಮೇಲಿನ ಮಣ್ಣು ತೆಗೆದ ಮೇಲೆ ಪಿಕಾಸು ಮುಟ್ಟಿಸಲಿಲ್ಲ. ಕೈಯಿಂದ, ತೆಂಗಿನ ಗೆರಟೆಯಿಂದ ತೆಗೆದೆವು. ಸ್ವಲ್ಪ ಹೊತ್ತಿಗೆ ನಾಗಿ ಬಂದು ಇನ್ನೊಂದು ಗೆರಟೆ ಹಿಡಿದು ನನ್ನ ಎದುರಿಗೆ ಕೂತಳು.

ಕಿತ್ತಳೆ ಬಣ್ಣದ ಕೊಳವೆ ಕಂಡಿತು. ಒಂದು ಗೀರು ಸಹ ಇಲ್ಲ. ಪೈಪಿನ ಗುಂಡಿಯ ಉದ್ದಕ್ಕೂ ತೆಗೆಯುತ್ತಾ ಹೋದೆವು. ಜೋಡಣೆ ಇಲ್ಲ, ಡಬ್ಬಿ ಇಲ್ಲ, ಏನೂ ಇಲ್ಲ.

ಅಷ್ಟರಲ್ಲಿ ನಿಮ್ಮ ಕಂಪನಿಯ ಜೀಪು ಬಂತು. ಮ್ಯಾನೇಜರು ಇಳಿದು, ಕಂಪನಿಯ ಸೊತ್ತು ಮುಟ್ಟಿದರೆ ಎಲ್ಲರನ್ನೂ ಒಳಗೆ ಹಾಕಿಸುತ್ತೇನೆ ಎಂದು ಕೂಗಾಡಿದರು. ಕಡಿದದ್ದು ಇಲ್ಲಲ್ಲ, ಇನ್ನೂ ಮುಂದೆ ಅಂದರು. ನಾನು ಮುಂದಕ್ಕೆ ಕೈ ಹಾಕಿದೆ. ಇನ್ನೂ ಮುಂದೆ ಅಂದರು. ಆಗ ಗುರುಪ್ರಸಾದ ಜೀಪಿನಿಂದ ಇಳಿದ. ಅವನು ಒಳಗಿದ್ದದ್ದು ನಾನು ನೋಡಿರಲಿಲ್ಲ. ಸೊರಗಿದ್ದಾನೆ. ಗುಂಡಿಯ ಅಂಚಿಗೆ ಬಂದು, "ಸಾಕು ರೋಷನ, ತೋಡೂದ್ ಬೇಡ. ಎಲ್ಲೂ ಕಡ್ದಿಲ್ಲ. ನಾನೇ ಮಾಡಿದ್ದು" ಅಂದ.

ನನ್ನ ಕೈಯಲ್ಲಿ ಕಲ್ಲಿತ್ತು, ಚಂದು. ಯಾವಾಗ ಎತ್ತಿಕೊಂಡೆನೋ ಗೊತ್ತಿಲ್ಲ. ಸುಕ್ರ ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದ. "ಬಿಡು ಒಡೆಯಾ, ಬಿಡು. ಠಾಣೆ ಒಳಗೆ ಹೆಂಗಿರ್ತದೆ ನಿಂಗೆ ಗುತ್ತಿಲ್ಲ" ಅಂದ.

ಬಿಟ್ಟೆ.

ಸುಕ್ರನ ಮೇಲಿನ ದೂರು ವಾಪಸು ಪಡೆಯುತ್ತಾರಂತೆ. ಪಿಕಾಸು ಕೊಟ್ಟರು. ಕೈ ಸರಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆ ಬಗ್ಗೆ ಯಾರೂ ಏನೂ ಹೇಳುವುದಿಲ್ಲ.

ರೋಷನ

*

ಸದಾಶಿವಗಡ
೧೮ ಫೆಬ್ರವರಿ ೨೦೦೭

ಚಂದು,

ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಆಯಿ ಬರೆ ಅಂದಳು.

ಗುರುಪ್ರಸಾದ ಮನೆಗೆ ಬಂದಿದ್ದ. ಅವನನ್ನು ಕೆಲಸದಿಂದ ತೆಗೆದದ್ದು ನಿನಗೆ ತಿಳಿದಿರಬೇಕು. ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತ, ಒಳಗೆ ಬರಲಿಲ್ಲ. ನಾನು ಹರಿದ ಬಲೆ ಸರಿಮಾಡುತ್ತಾ ಕೂತಿದ್ದೆ, ಏಳಲಿಲ್ಲ. ಎದ್ದರೆ ಏನು ಮಾಡುತ್ತೇನೋ ಎಂದು ನನಗೇ ಭಯವಿತ್ತು.

ಆಯಿ ಹೊರಗೆ ಬಂದಳು. ಅವನು ಕಾಲಿಗೆ ಬೀಳಲು ಬಗ್ಗಿದ. ಅವಳು ಹಿಂದಕ್ಕೆ ಸರಿದಳು. ಆಮೇಲೆ, "ನಿನ್ನ ಆಯಿಗೆ ಹೇಳಿದ್ಯಾ?" ಎಂದು ಕೇಳಿದಳು.

ಅವನು ತಲೆ ಅಲ್ಲಾಡಿಸಿದ. ಕೆಲಸ ಹೋದದ್ದು ಮಾತ್ರ ಹೇಳಿದ್ದಾನಂತೆ, ಏಕೆಂದು ಹೇಳಿಲ್ಲ.

"ಮೊದ್ಲು ಅವ್ಳಿಗೆ ಹೇಳು. ಆಮೇಲೆ ಬಾ" ಅಂದಳು.

ಅವನು ಹೋದ. ಆಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆ ಎದ್ದು ಒಲೆ ಹೊತ್ತಿಸಿದಳು. ಅವಳು ಅವನನ್ನು ಕ್ಷಮಿಸಿದಳೋ, ಇನ್ನೂ ದೊಡ್ಡ ಶಿಕ್ಷೆ ಕೊಟ್ಟಳೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಇದುವರೆಗೆ ಅವನು ತಿರುಗಿ ಬಂದಿಲ್ಲ.

ನೀನು ಬರಬೇಡ ಎಂದು ನಾನು ಅಂದಿದ್ದೆ. ಬಾ ಎಂದು ಬರೆಯಲು ಕೂತರೆ ಕೈ ಹೋಗುತ್ತಿಲ್ಲ. ಸ್ವಲ್ಪ ದಿನ ತಡಿ.

ರೋಷನ

*

ಕುಮಟಾ
೮ ಮಾರ್ಚ್ ೨೦೦೭

ದಾದಾ,

ತಡೆಯಲು ನಾನು ಸಿದ್ಧಳಿದ್ದೆ. ಆದರೆ ನಿನ್ನೆ ಗುರುಪ್ರಸಾದನ ಆಯಿ ಬಂದರು.

ಜಯಂತಿಬಾಯಿಯನ್ನು ನೀನು ಒಮ್ಮೆ ನೋಡಿದ್ದೀ, ನಿಶ್ಚಯದ ದಿನ. ಕಾರವಾರದಿಂದ ಒಬ್ಬರೇ ಬಸ್ಸಿನಲ್ಲಿ ಬಂದು, ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದರು. ಎಷ್ಟು ಹೊತ್ತಿನಿಂದ ಕೂತಿದ್ದರೋ, ಕಾವಲಿನವನು ಬಂದು ಹೇಳಿದ. ನಾನು ಕೈ ತೊಳೆದು ಓಡಿ ಬಂದೆ. ನಾನು ಉಳಿದುಕೊಂಡಿರುವ ಕೋಣೆಗೆ ಕರೆದುಕೊಂಡು ಹೋದೆ. ನೀರು ಕೊಟ್ಟರೆ ಲೋಟ ಹಿಡಿದುಕೊಂಡೇ ಕೂತರು.

"ಅವ ನಂಗೆ ಹೇಳ್ದ" ಅಂದರು. "ಹೇಳೂಕೆ ಆಗ್ದೆ ಎಷ್ಟ್ ಸಲ ಬಾಗ್ಲ ತನಕ ಬಂದ್ ಹೋದ. ಕಡಿಗೆ ಅಡುಗೆಮನೆಲಿ ಬೆನ್ನು ಹಾಕಿ ನಿಂತ್ಕಂಡು ಹೇಳ್ದ."

ಮಗನ ಪರವಾಗಿ ಮಾತಾಡಲು ಬಂದಿದ್ದಾರೆ, ಮದುವೆಯ ಮಾತು ಎತ್ತುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಎತ್ತಲಿಲ್ಲ. ಸೀರೆಯ ಮಾತೂ ಆಡಲಿಲ್ಲ.

"ನಿಮ್ಮ ಮನೆ ದಾರಿ ನಂಗೆ ಸರಿ ಗೊತ್ತಿಲ್ಲ. ನನ್ನ ನಿಮ್ಮ ಆಯಿ ಹತ್ರ ಕರ್ಕಂಡ್ ಹೋಗ್ತ್ಯಾ?" ಎಂದು ಕೇಳಿದರು.

"ಹೋಗಿ ಏನ್ ಹೇಳ್ತ್ರಿ?" ಅಂದೆ. ನನ್ನ ದನಿ ಒರಟಾಗಿತ್ತು, ದಾದಾ. ಅಷ್ಟು ದಿನದ ಸಿಟ್ಟೆಲ್ಲ ಆ ಮುದುಕಿಯ ಮೇಲೆ ಬಂತು.

ಅವರು ಲೋಟ ಕೆಳಗಿಟ್ಟರು. "ಏನ್ ಹೇಳೂಕೆ ಬತ್ತದೆ? ಹೇಳೂಕೆ ಏನೂ ಇಲ್ಲ. ಹೋಗಿ ಹತ್ರ ಕುಂತ್ಕಳೂದು. ಎದ್ದು ಹೋಗು ಅಂದ್ರೆ ಎದ್ದು ಬರೂದು."

ಆಗ ನನಗೆ ಅಳು ಬಂತು. ಅಪ್ಪ ಹೋದಾಗಿನಿಂದ ನಾನು ಅತ್ತಿರಲಿಲ್ಲ, ನಿನಗೆ ಗೊತ್ತಿತ್ತೇ? ಅವರು ನನ್ನನ್ನು ಮುಟ್ಟಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಾನು ಅತ್ತು ಮುಗಿಯುವವರೆಗೆ ಕೂತಿದ್ದರು.

ಬರುವ ಭಾನುವಾರ ಅವರನ್ನು ಕರೆದುಕೊಂಡು ಬರುತ್ತೇನೆ. ಕಾಳಿ ಸೇತುವೆ ದಾಟಿದ ಮೇಲಿನ ಸ್ಟಾಪಿನಲ್ಲಿ ಇಳಿಯುತ್ತೇವೆ. ಅವರಿಗೆ ಮಂಡಿ ನೋವು, ನಮ್ಮ ಮನೆಯ ಏರು ಹತ್ತಲು ಒಬ್ಬರ ಕೈ ಬೇಕು. ನೀನು ಬಂದು ಅವರ ಕೈ ಹಿಡಿ. ನಾನು ಹಿಂದೆ ಬರಬೇಕೋ, ಅಲ್ಲೇ ಸ್ಟಾಪಿನಲ್ಲಿ ನಿಲ್ಲಬೇಕೋ, ನಿನ್ನ ಮುಖ ನೋಡಿದರೆ ನನಗೆ ತಿಳಿಯುತ್ತದೆ. ಬಾಯಿಬಿಟ್ಟು ಹೇಳುವುದು ಬೇಡ.

ಅವರ ಮಗ ಬರುತ್ತಾನೋ ಇಲ್ಲವೋ ನಾನು ಕೇಳಲಿಲ್ಲ. ಆಯಿಗೆ ಮೊದಲೇ ಹೇಳಿಡು, ಹಜಾರದಲ್ಲಿ ಚಾಪೆ ಹಾಸಿಡು.

ನಿನ್ನ,
ಚಂದು